ಸಾವಯವ ಬೇಳೆ ಮುಂಬೈ ಮುಟ್ಟುವಷ್ಟರಲ್ಲಿ ಏನೇನು ಅಡ್ಡ ಬರುತ್ತದೆ?

ಮುಂಬೈ ಕನ್ನಡಿಗರ ಮನೆಗಳಲ್ಲಿ ಸಾವಯವದ ಮಾತು ಬಂದರೆ ಎರಡು ಪ್ರಶ್ನೆ ತಪ್ಪುವುದಿಲ್ಲ. ಯಾಕಿಷ್ಟು ದುಬಾರಿ? ಇದು ನಿಜವಾಗಿ ಸಾವಯವ ಅನ್ನೋದಕ್ಕೆ ಏನು ಗ್ಯಾರಂಟಿ? ಎರಡೂ ನ್ಯಾಯದ ಪ್ರಶ್ನೆಗಳೇ. ಆದರೆ ಉತ್ತರ ತುಂಬಾ ಬೇಗ ಮುಗಿದುಹೋಗುತ್ತದೆ. ರೈತರು ಜಾಸ್ತಿ ಕೇಳ್ತಾರೆ ಅನ್ನುತ್ತಾರೆ ಕೆಲವರು. ಗಿರಾಕಿಗಳಿಗೆ ತಿಳಿವಳಿಕೆ ಸಾಲದು ಅನ್ನುತ್ತಾರೆ ಇನ್ನು ಕೆಲವರು.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಾವು ಕೆಲವು ಮನೆಯವರು ಸೇರಿ ಊರ ಕಡೆಯ ರೈತರಿಂದ ಬೇಳೆ, ಬೆಲ್ಲ, ಕುಚ್ಚಲಕ್ಕಿ ತರಿಸಿಕೊಳ್ಳುತ್ತೇವೆ. ಅದರ ಲೆಕ್ಕ ಬರೆಯುವ ಕೆಲಸ ನನ್ನದು. ಬೆಳೆಯುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ, ಆದರೂ ವ್ಯಾಪಾರ ಏಕೆ ಕುಂಟುತ್ತದೆ ಅನ್ನುವುದಕ್ಕೆ ಆ ಲೆಕ್ಕದ ಪುಸ್ತಕದಲ್ಲೇ ಉತ್ತರ ಇದೆ. ಸಾವಯವ ಮಾಲು ಹೊಲದಿಂದ ಅಡುಗೆಮನೆವರೆಗೆ ಪ್ರತಿ ಹಂತದಲ್ಲೂ ಸಣ್ಣ ಪ್ರಮಾಣದಲ್ಲಿ ಸಾಗುತ್ತದೆ. ಆದರೆ ಪರೀಕ್ಷೆ, ಗಿರಣಿ, ಕಾಗದಪತ್ರ, ಸಾಗಾಟ ಇವುಗಳ ಖರ್ಚು ಮಾಲು ಕಡಿಮೆ ಇದೆ ಅಂತ ಕಡಿಮೆಯಾಗುವುದಿಲ್ಲ. ಆ ಖರ್ಚನ್ನು ಹೊರುವ ಕಿಲೋಗಳು ಸಾಲುವುದಿಲ್ಲ. ಅಡ್ಡಿಗಳು ಬೇಕಾದಷ್ಟಿವೆ. ನನ್ನ ಪ್ರಕಾರ ಮುಖ್ಯವಾದದ್ದು ಇದೇ.

ಬೆಳೆಯುವವರೇ ಇಲ್ಲ ಅನ್ನುವ ಹಾಗಿಲ್ಲ. ಸಾವಯವ ಬೆಳೆಗಾರರ ಸಂಖ್ಯೆಯಲ್ಲಿ ಭಾರತ ಇಡೀ ಜಗತ್ತಿಗೇ ಮೊದಲು. 20 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ಪ್ರಮಾಣೀಕೃತ ಜಮೀನಿನ ಪಟ್ಟಿಯಲ್ಲಿ ಮಧ್ಯಪ್ರದೇಶ ಮೊದಲು, ನಾವಿರುವ ಮಹಾರಾಷ್ಟ್ರ ಎರಡನೆಯದು. ಸಾವಯವ ಕೃಷಿಗೆಂದೇ ನೀತಿ ತಂದ ಮೊದಲ ರಾಜ್ಯಗಳಲ್ಲಿ ಕರ್ನಾಟಕ ಒಂದು, ಅದು 2004ರಲ್ಲಿ. ಸಿಕ್ಕಿಂ ಪೂರ್ತಿ ಸಾವಯವ ರಾಜ್ಯ ಎಂದು ಘೋಷಣೆಯಾದದ್ದು 2016ರ ಜನವರಿಯಲ್ಲಿ. ಇಷ್ಟೆಲ್ಲಾ ಆದರೂ ದೇಶದ ಒಟ್ಟು ಸಾಗುವಳಿ ಭೂಮಿಯಲ್ಲಿ ಪ್ರಮಾಣೀಕೃತ ಸಾವಯವದ ಪಾಲು ನೂರಕ್ಕೆ ಮೂರರ ಆಸುಪಾಸಿನಲ್ಲೇ ನಿಂತಿದೆ.

ಯೂರಿಯಾ ಚೀಲದ ಎದುರು ಗೊಬ್ಬರದ ಟ್ರ್ಯಾಲಿ

ಮೊದಲು ಹೊಲದ ಲೆಕ್ಕ ನೋಡೋಣ. 45 ಕಿಲೋ ಯೂರಿಯಾ ಚೀಲದ ಬೆಲೆ 242 ರೂಪಾಯಿ, ಬೇವಿನ ಲೇಪನದ ಖರ್ಚು ಮತ್ತು ತೆರಿಗೆ ಬೇರೆ. ಯೂರಿಯಾದಲ್ಲಿ ಸಾರಜನಕ ಶೇ 46. ಅಂದರೆ ಒಂದು ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ ಸಿಗುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಅರ್ಧ ಶೇಕಡಾದ ಆಸುಪಾಸು. ಅದೇ 20 ಕಿಲೋ ಬೇಕೆಂದರೆ ನಾಲ್ಕು ಟನ್ ಗೊಬ್ಬರ ಹಾಕಬೇಕು. ಒಂದು ಚೀಲವನ್ನು ಸೈಕಲ್ ಮೇಲೆ ಹೇರಿಕೊಂಡು ಬರಬಹುದು. ನಾಲ್ಕು ಟನ್‌ಗೆ ಟ್ರ್ಯಾಕ್ಟರ್ ಬೇಕು, ತುಂಬಲು ಆಳು ಬೇಕು, ಹರಡಲು ಮತ್ತೆ ಆಳು ಬೇಕು. ಖರ್ಚು ಸಾವಿರಗಳಲ್ಲಿ ಹೋಗುತ್ತದೆ. ಗೊಬ್ಬರ ಮಣ್ಣಿಗೆ ಕೊಡುವುದು ಸಾರಜನಕವೊಂದನ್ನೇ ಅಲ್ಲ, ನಿಜ. ಮಣ್ಣು ಸಡಿಲವಾಗುತ್ತದೆ, ನೀರು ಹಿಡಿದುಕೊಳ್ಳುತ್ತದೆ, ಜೀವಾಣು ಹೆಚ್ಚುತ್ತವೆ. ಆದರೆ ಆ ಲಾಭ ಕಾಣಿಸಲು ವರ್ಷಗಳು ಬೇಕು. ಸಾಲದ ಕಂತು ಈ ವರ್ಷವೇ ಕಟ್ಟಬೇಕು, ಅಲ್ವಾ?

ಅಷ್ಟು ಗೊಬ್ಬರ ಇರುವುದಾದರೂ ಎಲ್ಲಿ? ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಕೊಟ್ಟಿಗೆಗಳು ಖಾಲಿಯಾಗಿವೆ. 2019ರ ಜಾನುವಾರು ಗಣತಿಯಲ್ಲಿ ದೇಸಿ ದನಗಳ ಸಂಖ್ಯೆ ಹಿಂದಿನ ಗಣತಿಗಿಂತ ಶೇ 6ರಷ್ಟು ಇಳಿದಿತ್ತು. ಸ್ವಂತ ದನ ಇಲ್ಲದವರು ಗೊಬ್ಬರವನ್ನೂ ಕೊಂಡೇ ತರಬೇಕು.

ಇಳುವರಿ ಕಡಿಮೆಯಾಗುತ್ತದೆಯೇ? ಮೊದಮೊದಲು ಹೌದು. ಬೇರೆ ಬೇರೆ ದೇಶಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ದೊಡ್ಡ ಅಧ್ಯಯನಗಳು 2012 ಮತ್ತು 2014ರಲ್ಲಿ ಬಂದವು. ಸರಾಸರಿ ಇಳುವರಿ ಶೇ 19ರಿಂದ 25ರಷ್ಟು ಕಡಿಮೆ ಅಂತ ಅವು ಹೇಳುತ್ತವೆ. ಬೆಳೆಯಿಂದ ಬೆಳೆಗೆ ವ್ಯತ್ಯಾಸ ತುಂಬಾ ಇದೆ. ದ್ವಿದಳ ಧಾನ್ಯ ತಾನೇ ಗಾಳಿಯ ಸಾರಜನಕ ಹಿಡಿದುಕೊಳ್ಳುವುದರಿಂದ ಅದಕ್ಕೆ ಹೊಡೆತ ಕಡಿಮೆ. ಮಳೆ ನಂಬಿ ತೊಗರಿ ಬೆಳೆಯುವವರು ನಾಲೆಯ ನೀರಿನಲ್ಲಿ ಕಬ್ಬು ಬೆಳೆಯುವವರಿಗಿಂತ ಸುಲಭವಾಗಿ ಸಾವಯವಕ್ಕೆ ಬರಬಹುದು.

ನಿಜವಾದ ಕಷ್ಟ ಪರಿವರ್ತನೆಯ ವರ್ಷಗಳಲ್ಲಿ. ನಿಯಮದ ಪ್ರಕಾರ ವಾರ್ಷಿಕ ಬೆಳೆಗಳಿಗೆ ಎರಡು ವರ್ಷ, ಮಾವು, ತೆಂಗಿನಂಥ ಬಹುವಾರ್ಷಿಕ ಬೆಳೆಗಳಿಗೆ ಮೂರು ವರ್ಷ ರಾಸಾಯನಿಕ ಮುಟ್ಟಬಾರದು. ಆ ಮೇಲೆ ಬಂದ ಫಸಲಿಗೆ ಮಾತ್ರ ಸಾವಯವ ಎಂಬ ಹೆಸರು. ಅಲ್ಲಿಯವರೆಗೆ ಇಳುವರಿ ಕಡಿಮೆ, ಕಳೆ ಕೀಳುವ ಕೂಲಿ ಜಾಸ್ತಿ, ಸಿಗುವುದು ಮಾತ್ರ ಮಾರುಕಟ್ಟೆಯ ಮಾಮೂಲಿ ಬೆಲೆ. ಮೂರೂ ಒಟ್ಟಿಗೇ ಬಂದು ಬೀಳುತ್ತವೆ. ಸಾವಯವಕ್ಕೆ ಬರುವವರಿಗೆ ನೆರವಾಗಲೆಂದು ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆ 2015ರಲ್ಲಿ ಶುರುವಾಯಿತು. ಅದರ ಪರಿಷ್ಕೃತ ರೂಪದಲ್ಲಿ ಹೆಕ್ಟೇರಿಗೆ ಮೂರು ವರ್ಷಕ್ಕೆ ಸೇರಿ 31,500 ರೂಪಾಯಿ ಇದೆ. ಅದರಲ್ಲಿ ರೈತರ ಖಾತೆಗೆ ನೇರವಾಗಿ ಬರುವುದು 15,000. ಎಕರೆಗೆ ಹಂಚಿದರೆ ವರ್ಷಕ್ಕೆ ಸುಮಾರು 2,000 ರೂಪಾಯಿ. ಕಳೆ ಕೀಳುವ ಕೂಲಿಗೂ ಸಾಲುವುದಿಲ್ಲ.

ಸರ್ಕಾರದ ದುಡ್ಡು ಯಾವ ಕಡೆ ಹರಿಯುತ್ತದೆ ಅಂತಲೂ ನೋಡಬೇಕು. 2024ರ ನವೆಂಬರ್‌ನಲ್ಲಿ, ರಾಸಾಯನಿಕ ಬಿಟ್ಟು ಮಾಡುವ ನೈಸರ್ಗಿಕ ಕೃಷಿಯ ರಾಷ್ಟ್ರೀಯ ಮಿಷನ್‌ಗೆ 2,481 ಕೋಟಿ ರೂಪಾಯಿಯ ಒಪ್ಪಿಗೆ ಸಿಕ್ಕಿತು. ಅದೇ 2024-25ರ ಬಜೆಟ್‌ನಲ್ಲಿ ರಸಗೊಬ್ಬರ ಸಬ್ಸಿಡಿಗೆ ಇಟ್ಟಿದ್ದು ಸುಮಾರು 1.64 ಲಕ್ಷ ಕೋಟಿ. ರಸಗೊಬ್ಬರದ ಸಬ್ಸಿಡಿ ನಾಳೆ ಬೆಳಿಗ್ಗೆಯೇ ನಿಲ್ಲಲಿ ಅಂತ ನಾನು ಹೇಳುತ್ತಿಲ್ಲ. ಶ್ರೀಲಂಕಾ 2021ರಲ್ಲಿ ಒಂದೇ ಏಟಿಗೆ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿ, ಕೆಲವೇ ತಿಂಗಳಲ್ಲಿ ಹಿಂದೆ ಸರಿಯಬೇಕಾಯಿತು. ಅಲ್ಲಿನ ಭತ್ತದ ರೈತರು ಪಟ್ಟ ಪಾಡು ಯಾರಿಗೂ ಬೇಡ. ಆದರೆ ಒಂದು ದಾರಿಯಲ್ಲಿ ನಡೆಯುವವರಿಗೆ ಇಷ್ಟು ಆಸರೆ, ಇನ್ನೊಂದು ದಾರಿಯವರಿಗೆ ತೀರಾ ಸ್ವಲ್ಪ ಇದ್ದಾಗ, ರೈತರು ಯಾಕೆ ಬದಲಾಗುವುದಿಲ್ಲ ಅಂತ ಕೇಳುವುದರಲ್ಲಿ ಅರ್ಥವಿಲ್ಲ.

ಗೇಣಿ ಜಮೀನಿನ ವಿಷಯ ಯಾರೂ ಅಷ್ಟಾಗಿ ಎತ್ತುವುದಿಲ್ಲ. ಬಾಯಿಮಾತಿನ ಮೇಲೆ ವರ್ಷ ವರ್ಷ ಲಾವಣಿಗೆ ಹಿಡಿದು ಉಳುವವರಿಗೆ ಮುಂದಿನ ವರ್ಷ ಆ ಹೊಲ ತಮ್ಮ ಕೈಯಲ್ಲಿ ಇರುತ್ತದೆ ಅನ್ನುವುದೇ ಖಾತ್ರಿಯಿಲ್ಲ. ಅಂಥವರು ಬೇರೆಯವರ ಮಣ್ಣು ಸುಧಾರಿಸಲು ಯಾಕೆ ಬೆವರು ಸುರಿಸಬೇಕು? ಕೊಂಕಣದ ಹಾಪೂಸ್ ಮಾವಿನ ತೋಟಗಳಲ್ಲೂ ಇದೇ ಕತೆ. ಮಾಲೀಕರು ಮುಂಬೈನಲ್ಲಿ, ತೋಟ ವ್ಯಾಪಾರಿಯ ಗುತ್ತಿಗೆಯಲ್ಲಿ. ಮಾವು ಒಂದು ವರ್ಷ ಜೋರಾಗಿ ಬಿಟ್ಟರೆ ಮರುವರ್ಷ ಸುಮ್ಮನಿರುತ್ತದೆ. ಪ್ರತಿ ವರ್ಷ ಹೂ ಬರಲಿ ಅಂತ ಬುಡಕ್ಕೆ ಕಲ್ಟಾರ್ ಹಾಕುತ್ತಾರೆ, ಅದು ಪ್ಯಾಕ್ಲೊಬ್ಯುಟ್ರಜಾಲ್ ಎಂಬ ರಾಸಾಯನಿಕ. ಸಾವಯವದಲ್ಲಿ ಅದಕ್ಕೆ ಜಾಗವಿಲ್ಲ. ಗುತ್ತಿಗೆಗೆ ಹಣ ಹಾಕಿದವನಿಗೆ ಖಾಲಿ ವರ್ಷ ತಾಳುವ ಶಕ್ತಿ ಇಲ್ಲ. ಮಾವಿನ ಸೀಸನ್‌ನಲ್ಲಿ ವಾಶಿ ಮಾರುಕಟ್ಟೆ ಪೆಟ್ಟಿಗೆಗಳಿಂದ ತುಂಬಿ ತುಳುಕುವಾಗ ಅದರಲ್ಲಿ ಪ್ರಮಾಣೀಕೃತ ಸಾವಯವ ಹಾಪೂಸ್ ಹುಡುಕಿ ತೆಗೆಯುವುದು ಯಾಕೆ ಕಷ್ಟ ಅನ್ನುವುದಕ್ಕೆ ಇದೂ ಒಂದು ಕಾರಣ.

ಪ್ರಮಾಣಪತ್ರ ಯಾರ ಕೈಯಲ್ಲಿದೆ?

ನಮ್ಮಲ್ಲಿ ಪ್ರಮಾಣಪತ್ರಕ್ಕೆ ಎರಡು ದಾರಿ. ಒಂದು ವಾಣಿಜ್ಯ ಸಚಿವಾಲಯದ ಕೃಷಿ ರಫ್ತು ಸಂಸ್ಥೆ ಅಪೇಡಾ 2001ರಿಂದ ನಡೆಸುತ್ತಿರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. ಇದರಲ್ಲಿ ಹೊರಗಿನ ಸಂಸ್ಥೆಯೊಂದು ಬಂದು ತಪಾಸಣೆ ಮಾಡುತ್ತದೆ. ರಫ್ತಿಗೆ ಇದು ಬೇಕೇ ಬೇಕು. ಇನ್ನೊಂದು ಕೃಷಿ ಸಚಿವಾಲಯದ ಪಿಜಿಎಸ್. ಇದರಲ್ಲಿ ಕನಿಷ್ಠ ಐದು ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಸಹಿ ಹಾಕುತ್ತಾರೆ. ಇದಕ್ಕೆ ಖರ್ಚು ಕಡಿಮೆ, ಆದರೆ ದೇಶದೊಳಗೆ ಮಾತ್ರ ನಡೆಯುತ್ತದೆ.

ಮೊದಲ ದಾರಿಯ ಶುಲ್ಕ ಒಬ್ಬ ಸಣ್ಣ ರೈತನ ಕೈಗೆ ಎಟುಕುವುದಿಲ್ಲ. ಹಾಗಾಗಿ 25ರಿಂದ 500 ರೈತರನ್ನು ಒಂದು ಗುಂಪಾಗಿ ಸೇರಿಸಿ ಒಂದೇ ಪ್ರಮಾಣಪತ್ರ ಕೊಡುವ ಪದ್ಧತಿ ಬಂತು. ಒಳ್ಳೆಯ ಯೋಚನೆಯೇ. ಆದರೆ ಎಷ್ಟೋ ಕಡೆ ಗುಂಪು ಕಟ್ಟುವುದು, ಶುಲ್ಕ ಕಟ್ಟುವುದು, ದಾಖಲೆ ಇಡುವುದು ಎಲ್ಲಾ ಮಾಲು ಕೊಳ್ಳುವ ಕಂಪನಿಯೇ. ಪ್ರಮಾಣಪತ್ರ ಇರುವುದು ಗುಂಪಿನ ಹೆಸರಿನಲ್ಲಿ. ಕಂಪನಿ ಆ ವರ್ಷ ಮಾಲು ಎತ್ತದಿದ್ದರೆ ರೈತ ತನ್ನ ಬೆಳೆಯನ್ನು ಸಾವಯವ ಎಂದು ಬೇರೆಯವರಿಗೆ ಮಾರುವ ಹಾಗಿಲ್ಲ. ಮೂರು ವರ್ಷ ಕಷ್ಟಪಟ್ಟು ಬೆಳೆದದ್ದು ಮಂಡಿಯಲ್ಲಿ ಎಲ್ಲರ ಮಾಲಿನ ಜೊತೆ ರಾಶಿಗೆ ಸೇರುತ್ತದೆ.

ಹೀಗೆ ಕಂಪನಿ ಕೈಬಿಡುವುದು ಬರೀ ಊಹೆಯ ಮಾತಲ್ಲ. ಭಾರತದ ಸಾವಯವ ರಫ್ತು 2020-21ರಲ್ಲಿ ಸುಮಾರು 104 ಕೋಟಿ ಡಾಲರ್ ಇತ್ತು. 2023-24ಕ್ಕೆ ಅದು 49 ಕೋಟಿ ಡಾಲರ್ ಆಸುಪಾಸಿಗೆ ಕುಸಿಯಿತು. ಮರುವರ್ಷ ಚೇತರಿಸಿಕೊಂಡಿತಾದರೂ ಹಳೆಯ ಮಟ್ಟ ಮುಟ್ಟಲಿಲ್ಲ. ಕಾರಣ ಹಲವು. ನಮ್ಮ ಪ್ರಮಾಣಪತ್ರ ವ್ಯವಸ್ಥೆಗೆ ಕೊಟ್ಟಿದ್ದ ಮಾನ್ಯತೆಯನ್ನು ಅಮೆರಿಕ 2021ರಲ್ಲಿ ಹಿಂತೆಗೆದುಕೊಂಡಿತು. ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಎಂಬ ರಾಸಾಯನಿಕ ಸಿಕ್ಕಿದ ಮೇಲೆ ಯುರೋಪ್ ಒಕ್ಕೂಟ ಇಲ್ಲಿನ ಕೆಲವು ತಪಾಸಣಾ ಸಂಸ್ಥೆಗಳನ್ನು ಪಟ್ಟಿಯಿಂದ ತೆಗೆಯಿತು. ಸಾವಯವ ಸೋಯಾ ಹಿಂಡಿಯ ಮೇಲೆ ಅಮೆರಿಕ 2022ರಲ್ಲಿ ಹೆಚ್ಚುವರಿ ಸುಂಕ ಹಾಕಿತು. ದೂರದ ದೇಶದ ಈ ನಿರ್ಧಾರಗಳಿಗೂ ನಮ್ಮ ಡೊಂಬಿವಲಿಗೂ ಏನು ಸಂಬಂಧ ಅನ್ನಿಸಬಹುದು. ಸಾವಯವದ ಗೋದಾಮು, ಸ್ವಚ್ಛಗೊಳಿಸುವ ಯಂತ್ರ, ತರಬೇತಿ ಇವುಗಳಲ್ಲಿ ದೊಡ್ಡ ಪಾಲು ನಿಂತಿದ್ದು ರಫ್ತಿನ ದುಡ್ಡಿನ ಮೇಲೆ. ಹೊರಗಿನ ಬಾಗಿಲು ಮುಚ್ಚಿದಾಗ ಆ ಮಾಲನ್ನು ಹಿಡಿಯಲು ಒಳಗಿನ ಮಾರುಕಟ್ಟೆ ತಯಾರಿರಲಿಲ್ಲ.

ಹೆಸರುಕಾಳಿನ ಮೇಲೆ ಒಂದು ಬಿಳಿ ಚುಕ್ಕೆ

ಈಗ ನಾನು ಹತ್ತಿರದಿಂದ ಬಲ್ಲ ವಿಷಯಕ್ಕೆ ಬರುತ್ತೇನೆ. ಬೆಲೆ, ನಂಬಿಕೆ, ಪ್ರಚಾರ ಅಂತ ಜನ ಮಾತಾಡುತ್ತಾರೆ. ದಾಸ್ತಾನಿನ ಬಗ್ಗೆ ಮಾತಾಡುವವರು ತುಂಬಾ ಕಡಿಮೆ. ಸಣ್ಣ ಸಾವಯವ ವ್ಯಾಪಾರಿಗಳು ಅಂಗಡಿ ಮುಚ್ಚುವುದರಲ್ಲಿ ಹುಳದ ಪಾಲು ದೊಡ್ಡದು.

ಗದಗ, ಧಾರವಾಡ ಕಡೆ ಹೆಸರು ಮುಂಗಾರಿನ ಬೆಳೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಳೆಯ ನಡುವೆಯೇ ಕೊಯ್ಲು. ಕಾಯಿ ಹೊಲದಲ್ಲಿರುವಾಗಲೇ ಕಾಳಿನ ದುಂಬಿ ಅದರ ಮೇಲೆ ಮೊಟ್ಟೆ ಅಂಟಿಸಿ ಹೋಗಿರುತ್ತದೆ. ಒಂದು ಹಿಡಿ ಕಾಳನ್ನು ಬೆಳಕಿಗೆ ಹಿಡಿದು ನೋಡಿ. ಹಸಿರು ಸಿಪ್ಪೆಯ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಕಂಡರೆ ಅದೇ ಮೊಟ್ಟೆ. ಉಗುರಿನಿಂದ ಕೆರೆದರೆ ಮಾತ್ರ ಬಿಡುತ್ತದೆ. ಮರಿ ನೇರವಾಗಿ ಕಾಳಿನ ಒಳಕ್ಕೆ ಕೊರೆದುಕೊಂಡು ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬೆಚ್ಚಗಿನ ಹವೆಯಲ್ಲಿ ಒಂದು ತಿಂಗಳ ಒಳಗೆ ಬೆಳೆದು, ದುಂಡನೆಯ ತೂತು ಮಾಡಿಕೊಂಡು ಈಚೆ ಬರುತ್ತದೆ. ಬಂದದ್ದೇ ಮತ್ತೆ ಹತ್ತಾರು ಮೊಟ್ಟೆ ಇಡುತ್ತದೆ. ಅಂದರೆ ಪ್ಯಾಕೆಟ್ ಕಟ್ಟುವಾಗ ಚೊಕ್ಕಟವಾಗಿದ್ದ ಕಾಳು ಎರಡೇ ತಿಂಗಳಲ್ಲಿ ಹಿಟ್ಟು ಉದುರಿಸುತ್ತದೆ. ಗಿರಾಕಿ ಪ್ಯಾಕೆಟ್ ವಾಪಸ್ ತರುತ್ತಾರೆ. ಅವರದೇನೂ ತಪ್ಪಿಲ್ಲ.

ಮಾಮೂಲಿ ಗೋದಾಮಿನಲ್ಲಿ ಇದಕ್ಕೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಡುತ್ತಾರೆ. ಅದರಿಂದ ಹೊರಡುವ ವಿಷಾನಿಲ ಟನ್‌ಗಟ್ಟಲೆ ಧಾನ್ಯದ ಹುಳವನ್ನು ಕೆಲವೇ ದಿನದಲ್ಲಿ ಕೊಲ್ಲುತ್ತದೆ. ಖರ್ಚು ತೀರಾ ಕಡಿಮೆ. ಸಾವಯವದಲ್ಲಿ ಅದನ್ನು ಬಳಸುವ ಹಾಗಿಲ್ಲ. ವಿಕಿರಣವೂ ನಿಷಿದ್ಧ. ನಮ್ಮ ಪಕ್ಕದ ವಾಶಿಯಲ್ಲಿ 2000ನೇ ಇಸವಿಯಿಂದ ಮಸಾಲೆ ಪದಾರ್ಥಗಳಿಗೆ ವಿಕಿರಣ ಕೊಡುವ ಸರ್ಕಾರಿ ಘಟಕವೇ ಇದೆ. ಆದರೆ ಸಾವಯವ ಮೆಣಸು, ಧನಿಯಾ ಅದರ ಬಾಗಿಲು ದಾಟುವಂತಿಲ್ಲ. ಹಾಗಾದರೆ ಉಳಿಯುವ ದಾರಿ ಯಾವುದು? ಕಾಳನ್ನು ಗಲಗಲ ಅನ್ನುವಷ್ಟು ಒಣಗಿಸುವುದು. ಗಾಳಿಯಾಡದ ಮೂರು ಪದರದ ಚೀಲದಲ್ಲಿ ತುಂಬುವುದು. ಒಳಗಿನ ಆಮ್ಲಜನಕ ಮುಗಿದಾಗ ಹುಳ ತಾನೇ ಸಾಯುತ್ತದೆ. ಇಲ್ಲವೇ ಇಂಗಾಲದ ಡೈಆಕ್ಸೈಡ್ ತುಂಬಿದ ಕೋಣೆ, ಇಲ್ಲವೇ ಶೀತಲಗೃಹ. ಎಲ್ಲವೂ ಕೆಲಸ ಮಾಡುತ್ತವೆ. ಎಲ್ಲದಕ್ಕೂ ದುಡ್ಡು ಬೇಕು, ಮೊದಲೇ ಬೇಕು. ಐವತ್ತು ಚೀಲ ಮಾಲಿಗೆ ಶೀತಲಗೃಹ ಕಟ್ಟಿಸುವವರು ಯಾರು?

ಇನ್ನು ಮುಂಬೈ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪೇ ನೀರಾಗುವ ಊರಿದು. ಚೆನ್ನಾಗಿ ಒಣಗಿದ್ದ ಕಾಳೂ ತೇವ ಎಳೆದುಕೊಳ್ಳುತ್ತದೆ. ಬಣ್ಣಕ್ಕೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕದ ಕಪ್ಪು ಬೆಲ್ಲ ಬೆವರಿ ಅಂಟಂಟಾಗುತ್ತದೆ. ಹಾಗಾಗಿ ಗೊತ್ತಿರುವ ವ್ಯಾಪಾರಿಗಳು ಮೇ ತಿಂಗಳಿಗೇ ದಾಸ್ತಾನು ಇಳಿಸಿಬಿಡುತ್ತಾರೆ. ಅಂದರೆ ವರ್ಷದಲ್ಲಿ ನಾಲ್ಕು ತಿಂಗಳು ವ್ಯಾಪಾರ ಮಂದ. ಅಂಗಡಿ ಬಾಡಿಗೆಗೆ ಮಾತ್ರ ಮಳೆಗಾಲದ ರಜೆ ಇಲ್ಲ.

ಸಣ್ಣ ಮಾಲಿನ ದೊಡ್ಡ ಖರ್ಚು

ಕಲಬುರಗಿ ತೊಗರಿಯನ್ನೇ ತೆಗೆದುಕೊಳ್ಳೋಣ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಹೆಸರಾಂತ ಬೇಳೆ. ಅಲ್ಲಿ ದಾಲ್ ಮಿಲ್‌ಗಳಿಗೇನೂ ಬರ ಇಲ್ಲ. ಆದರೆ ದೊಡ್ಡ ಮಿಲ್ ಒಮ್ಮೆ ಶುರುವಾದರೆ ಟನ್‌ಗಟ್ಟಲೆ ಸಾಗಬೇಕು. ಸಾವಯವ ಬೇಳೆ ಮಾಡಬೇಕೆಂದರೆ ಯಂತ್ರ ನಿಲ್ಲಿಸಿ, ಹಿಂದಿನ ಮಾಲಿನ ಕಾಳು, ಪುಡಿ ಎಲ್ಲಾ ಗುಡಿಸಿ ತೆಗೆಯಬೇಕು. ನಾಲ್ಕು ಕ್ವಿಂಟಲ್‌ಗಾಗಿ ಯಾರು ಮಿಲ್ ನಿಲ್ಲಿಸುತ್ತಾರೆ? ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮತ್ತು ಅಕೋಲಾದ ಕೃಷಿ ವಿಶ್ವವಿದ್ಯಾಲಯ ಸಣ್ಣ ದಾಲ್ ಮಿಲ್‌ಗಳನ್ನು ರೂಪಿಸಿವೆ. ಹಳ್ಳಿಯ ಗುಂಪಿಗೆ ಹೇಳಿ ಮಾಡಿಸಿದಂಥವು. ಆದರೆ ಅವುಗಳ ಬೇಳೆಗೆ ಪಾಲಿಶ್ ಹೊಡೆದ ಬೇಳೆಯ ಹೊಳಪು ಇರುವುದಿಲ್ಲ, ನುಚ್ಚು ಸ್ವಲ್ಪ ಜಾಸ್ತಿ. ಹೊಳಪು ನೋಡಿ ಬೇಳೆ ಆರಿಸುವ ಅಭ್ಯಾಸ ನಮಗೆ ಅಂಟಿಬಿಟ್ಟಿದೆ. ಬೇಯಿಸಿ ನೋಡಿದವರು ಮಾತ್ರ ಮತ್ತೆ ಹೊಳಪಿನ ಬೇಳೆಗೆ ಹೋಗುವುದಿಲ್ಲ.

ಪರೀಕ್ಷೆಯ ಲೆಕ್ಕ ಇನ್ನೂ ಸ್ಪಷ್ಟ. ಕೀಟನಾಶಕದ ಉಳಿಕೆ ಇದೆಯೇ ಎಂದು ಪ್ರಯೋಗಾಲಯದಲ್ಲಿ ನೋಡಿಸಲು ಒಂದು ಮಾದರಿಗೆ ಸಾವಿರಾರು ರೂಪಾಯಿ. ಎಂಟು ಸಾವಿರ ಎಂದೇ ಇಟ್ಟುಕೊಳ್ಳಿ. ಇಪ್ಪತ್ತು ಟನ್ ಲೋಡಿಗೆ ಅದು ಕಿಲೋಗೆ 40 ಪೈಸೆ. ಐನೂರು ಕಿಲೋ ಮಾಲಿಗೆ ಕಿಲೋಗೆ 16 ರೂಪಾಯಿ. ಬೇಳೆ ಅದೇ, ಪರೀಕ್ಷೆ ಅದೇ, ರೈತರಿಗೆ ಸಿಕ್ಕ ಬೆಲೆಯೂ ಅದೇ. ಮಾಲು ಸಣ್ಣದು ಅನ್ನುವ ಒಂದೇ ಕಾರಣಕ್ಕೆ ಬೆಲೆ ಏರಿತು. ಸಾಗಾಟ, ಪ್ಯಾಕಿಂಗ್, ಲೇಬಲ್ ಎಲ್ಲದಕ್ಕೂ ಇದೇ ಗಣಿತ. ನಮ್ಮ ಪುಸ್ತಕದಲ್ಲಿ ರೈತರಿಗೆ ಹೋದ ಹೆಚ್ಚುವರಿ ದುಡ್ಡಿಗಿಂತ ದಾರಿಯಲ್ಲಿ ಕರಗಿದ್ದೇ ಜಾಸ್ತಿ.

ತೆರಿಗೆಯೂ ಸೇರಿಕೊಳ್ಳುತ್ತದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ ಲೇಬಲ್ ಹಚ್ಚಿದ ಪ್ಯಾಕೆಟ್‌ನ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಬಂತು. ಗೋಣಿಯಿಂದ ತೂಗಿ ಕೊಟ್ಟರೆ ಇಲ್ಲ. ನಿಯಮ ಎಲ್ಲರಿಗೂ ಒಂದೇ. ಆದರೆ ಮಾಮೂಲಿ ಬೇಳೆಯನ್ನು ಬಿಡಿಯಾಗಿ ಮಾರಬಹುದು. ಸಾವಯವ ಬೇಳೆಗೆ ಪ್ಯಾಕೆಟ್, ಗುರುತು, ಪ್ರಮಾಣಪತ್ರದ ಸಂಖ್ಯೆ ಇಲ್ಲದೆ ಅಂಗಡಿಯಲ್ಲಿ ಯಾರು ನಂಬುತ್ತಾರೆ? ನಂಬಿಕೆಗಾಗಿ ಪ್ಯಾಕೆಟ್ ಮಾಡಬೇಕು, ಪ್ಯಾಕೆಟ್ ಮಾಡಿದ್ದಕ್ಕೆ ತೆರಿಗೆ ಕಟ್ಟಬೇಕು.

ದೊಡ್ಡ ಅಂಗಡಿಗಳ ದಾರಿ ಸಣ್ಣವರಿಗೆ ಒಗ್ಗುವುದು ಕಷ್ಟ. ಮಾಲು ಕೊಟ್ಟು ದುಡ್ಡಿಗೆ ತಿಂಗಳುಗಟ್ಟಲೆ ಕಾಯಬೇಕು. ಮಾರಾಟವಾಗದೆ ಉಳಿದದ್ದು ವಾಪಸ್. ಹುಳ ಬಿದ್ದದ್ದೂ ವಾಪಸ್. ರೈತರಿಗೆ ಮಾತ್ರ ರೊಕ್ಕ ಕೈಗೆ ಕೊಟ್ಟು ತರಬೇಕು, ಕೊಡಲೂಬೇಕು. ಈ ನಡುವಿನ ತಿಂಗಳುಗಳಿಗೆ ಬಂಡವಾಳ ಇಲ್ಲದವರು ಎರಡು ವರ್ಷದಲ್ಲಿ ಕೈ ಸುಟ್ಟುಕೊಂಡು ಹೊರಗೆ ಬೀಳುತ್ತಾರೆ.

ಬಾಂದ್ರಾದಲ್ಲಿ 2010ರಲ್ಲಿ ಕವಿತಾ ಮುಖಿ ಅವರು ಭಾನುವಾರದ ರೈತ ಸಂತೆ ಶುರು ಮಾಡಿದರು. ಅಲ್ಲಿ ಬೆಳೆದವರೇ ಬಂದು ಮಾರುವ ಪದ್ಧತಿ. 2016ರಲ್ಲಿ ಮಹಾರಾಷ್ಟ್ರ ಹಣ್ಣು, ತರಕಾರಿಯನ್ನು ಎಪಿಎಂಸಿ ಹಿಡಿತದಿಂದ ಬಿಡಿಸಿದ ಮೇಲೆ ನೇರ ಮಾರಾಟಕ್ಕೆ ಕಾನೂನಿನ ಅಡ್ಡಿಯೂ ಕಡಿಮೆಯಾಯಿತು. ಇಂಥ ಸಂತೆಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ನಾಶಿಕ್ ಕಡೆಯ ರೈತ ಸೊಪ್ಪು ಹೇರಿಕೊಂಡು ರಾತ್ರಿಯಿಡೀ ಬಂದು, ಮಧ್ಯಾಹ್ನದ ಹೊತ್ತಿಗೆ ಉಳಿದದ್ದನ್ನು ಬಿಸಾಡಿ ಹೋಗಬೇಕಾದರೆ ಆ ವಾರದ ಲಾಭ ಅಲ್ಲೇ ಮುಗಿಯಿತು. ಜೊತೆಗೆ ಚಳಿಗಾಲದ ಹೂಕೋಸು ನಮಗೆ ಮೇ ತಿಂಗಳಲ್ಲೂ ಬೇಕು.

ಇನ್ನು ನಂಬಿಕೆಯ ಪ್ರಶ್ನೆ. 2017ರ ಸಾವಯವ ಆಹಾರ ನಿಯಮ 2018ರ ಜುಲೈನಿಂದ ಜಾರಿಗೆ ಬಂತು. ಅಂಗಡಿಯ ಪ್ಯಾಕೆಟ್ ಮೇಲೆ ಜೈವಿಕ್ ಭಾರತ್ ಗುರುತು ಇರಬೇಕು, ಎರಡರಲ್ಲಿ ಒಂದು ಪ್ರಮಾಣಪತ್ರ ಇರಬೇಕು. ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗೆ ವ್ಯವಹಾರ ಮಾಡುವ ಸಣ್ಣ ರೈತರು ನೇರವಾಗಿ ತಿನ್ನುವವರಿಗೇ ಮಾರಿದರೆ ವಿನಾಯಿತಿ ಇದೆ, ಆದರೆ ಆ ಗುರುತು ಹಾಕುವಂತಿಲ್ಲ. ಹಾಗಾಗಿ ಪರಿಚಯದ ರೈತರಿಂದ ಗುರುತಿಲ್ಲದ ಮಾಲು ಕೊಂಡರೆ ಅದು ಮೋಸ ಎಂದು ಭಾವಿಸಬೇಕಿಲ್ಲ. ಪಕ್ಕದ ಹೊಲದ ಸಿಂಪಡಣೆ ಗಾಳಿಯಲ್ಲಿ ಬಂದು ಬೀಳುವುದೂ ಉಂಟು, ಹಾಗಾಗಿ ಉಳಿಕೆ ಸಿಕ್ಕಿದ್ದೆಲ್ಲಾ ಮೋಸವಲ್ಲ. ಹೆಸರು, ಊರು ಹೇಳಿ, ಹೊಲಕ್ಕೆ ಬಂದು ನೋಡಿ ಅನ್ನುವ ರೈತರನ್ನು ನಾನು ನಂಬುತ್ತೇನೆ. ಸಾವಯವ ಎಂದು ಹಸಿರು ಅಕ್ಷರದಲ್ಲಿ ಬರೆದು, ಯಾವ ಸಂಖ್ಯೆಯನ್ನೂ ಕೊಡದ ಪ್ಯಾಕೆಟ್‌ನ್ನು ನಂಬುವುದಿಲ್ಲ.

ಒಂದು ಹೋಟೆಲ್, ಐದು ರೈತರು

ಹಾಗಾದರೆ ಎಲ್ಲಿ ಹಿಡಿದು ಎತ್ತಬೇಕು? ಮಾಲು ಒಟ್ಟಾಗಿ ಸಾಗುವ ಕಡೆ. ನಮ್ಮಂಥ ಮನೆಗಳು ಮಾಡಬಹುದಾದದ್ದು ಒಂದಿದೆ. ತೊಗರಿ ಬರುವ ಜನವರಿ, ಫೆಬ್ರವರಿಯಲ್ಲೇ ವರ್ಷದ ಬೇಳೆ ಕೊಂಡುಬಿಡುವುದು. ಅಜ್ಜಿಯರು ಮಾಡುತ್ತಿದ್ದುದೇ ಇದು. ಹತ್ತು ಮನೆಯ ಬೇಳೆ ಒಟ್ಟಿಗೆ ಬಂದರೆ ಸಾಗಾಟ ಇಳಿಯುತ್ತದೆ, ರೈತರಿಗೆ ದುಡ್ಡು ಒಮ್ಮೆಗೇ ಸಿಗುತ್ತದೆ, ಮಳೆಗಾಲದ ದಾಸ್ತಾನು ವ್ಯಾಪಾರಿಯ ತಲೆಯ ಮೇಲೆ ಬೀಳುವುದಿಲ್ಲ. ಚಿಕ್ಕ ಫ್ಲಾಟ್‌ನಲ್ಲೂ ಗಾಳಿಯಾಡದ ಒಂದು ಡ್ರಮ್‌ಗೆ ಜಾಗ ಮಾಡಬಹುದು.

ಆದರೆ ಮನೆಗಳಿಗಿಂತ ದೊಡ್ಡ ಶಕ್ತಿ ನಮ್ಮವರ ಕೈಯಲ್ಲೇ ಇದೆ. ಮಾಟುಂಗಾದಿಂದ ಮುಲುಂಡ್, ಠಾಣೆವರೆಗೆ ಹರಡಿಕೊಂಡಿರುವ ಉಡುಪಿ ಹೋಟೆಲ್‌ಗಳು. ಇವರು ಸಾವಯವ ಕೊಳ್ಳದಿರಲು ಕಾರಣಗಳಿವೆ. ದಿನವೂ ಒಂದೇ ಗುಣದ ಮಾಲು ಬೇಕು, ಸಾಲದ ಮೇಲೆ ಬೇಕು, ಇಡ್ಲಿಯ ಬೆಲೆ ಐದು ರೂಪಾಯಿ ಏರಿಸಿದರೂ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾರೆ. ಇಡೀ ಅಡುಗೆಮನೆ ಸಾವಯವ ಮಾಡಿ ಅಂತ ಅವರಿಗೆ ಹೇಳುವುದು ಸರಿಯಲ್ಲ. ಒಂದೇ ಒಂದು ಪದಾರ್ಥ ಆರಿಸಿಕೊಳ್ಳಲಿ.

ಲೆಕ್ಕ ಹೀಗೆ. ಸಾಂಬಾರಿಗೆ ದಿನಕ್ಕೆ ಹತ್ತು ಕಿಲೋ ತೊಗರಿಬೇಳೆ ಬಳಸುವ ಹೋಟೆಲ್‌ಗೆ ವರ್ಷಕ್ಕೆ ಸುಮಾರು 3,600 ಕಿಲೋ ಬೇಕು. ನೂರು ಕಿಲೋ ತೊಗರಿಗೆ ಎಪ್ಪತ್ತು ಕಿಲೋ ಬೇಳೆ ಸಿಗುತ್ತದೆ ಎಂದರೆ ಅದಕ್ಕೆ ಸುಮಾರು 51 ಕ್ವಿಂಟಲ್ ತೊಗರಿ. ಮಳೆಯಾಶ್ರಯದಲ್ಲಿ ಎಕರೆಗೆ ಮೂರು ಕ್ವಿಂಟಲ್ ಹಿಡಿದರೆ ಹದಿನೇಳು ಎಕರೆ. ತಲಾ ಮೂರೂವರೆ ಎಕರೆಯ ಐದು ರೈತರು. ಪಿಜಿಎಸ್ ಗುಂಪು ಕಟ್ಟಲು ಬೇಕಾದ ಕನಿಷ್ಠ ಸಂಖ್ಯೆಯೂ ಐದೇ. ಐದು ಟನ್ ಮಾಲು ಒಂದೇ ಕಡೆ ಹೋಗುತ್ತದೆ ಎಂದಾದರೆ ಸಣ್ಣ ದಾಲ್ ಮಿಲ್‌ಗೆ ದುಡಿಮೆ ಸಿಗುತ್ತದೆ, ಪರೀಕ್ಷೆಯ ಖರ್ಚು ಕಿಲೋಗೆ ಎರಡೂಕಾಲು ರೂಪಾಯಿ ಒಳಗೆ ನಿಲ್ಲುತ್ತದೆ, ಚಿಲ್ಲರೆ ಪ್ಯಾಕಿಂಗ್ ಖರ್ಚೂ ಉಳಿಯುತ್ತದೆ. ಬಿತ್ತನೆಗೆ ಮೊದಲೇ ಬೆಲೆ ಗೊತ್ತುಮಾಡಿ ಅರ್ಧ ದುಡ್ಡು ಮುಂಗಡ ಕೊಟ್ಟರೆ ರೈತರು ಬಿತ್ತನೆಗೆ ಸಾಲ ಹುಡುಕುವುದು ತಪ್ಪುತ್ತದೆ. ಪರಿವರ್ತನೆಯ ವರ್ಷಗಳ ಬೇಳೆಯನ್ನೂ, ಇನ್ನೂ ಪೂರ್ತಿ ಸಾವಯವ ಆಗಿಲ್ಲ ಎಂದು ಗಿರಾಕಿಗಳಿಗೆ ನೇರವಾಗಿ ಹೇಳಿಯೇ, ಇದೇ ಒಪ್ಪಂದದಲ್ಲಿ ಕೊಳ್ಳಬಹುದು. ಹೋಟೆಲ್ ಮಾಲೀಕರ ಸಂಘಗಳಲ್ಲಿ, ಕನ್ನಡ ಸಂಘಗಳಲ್ಲಿ ಈ ಲೆಕ್ಕ ಮುಂದಿಟ್ಟು ಮಾತಾಡುವುದಕ್ಕೆ ಸರಿಯಾದ ಸಮಯ ಮುಂಗಾರಿಗೆ ಮೊದಲು, ಏಪ್ರಿಲ್ ತಿಂಗಳು. ಜೂನ್‌ನಲ್ಲಿ ತೊಗರಿ ಬಿತ್ತನೆ ಶುರುವಾಗುತ್ತದೆ, ಯಾವ ಹೊಲಕ್ಕೆ ಏನು ಹಾಕಬೇಕೆಂದು ರೈತರು ಅಷ್ಟರೊಳಗೆ ನಿರ್ಧಾರ ಮಾಡಿರುತ್ತಾರೆ.